ತಿಥಿ ತಪ್ಪಿದ ಅತಿಥಿ: ದೇಶಾಂತರದ ಮೊದಲ ದಿನ ಮತ್ತು ಕಾಲದ ಪ್ರಶ್ನೆ

ಕನ್ನಡದಲ್ಲಿ ‘ದೇಶಾಂತರ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಆಡುಮಾತಿನಲ್ಲಿ ದೇಶಾಂತರ ಹೋದವನೆಂದರೆ ಊರು ಬಿಟ್ಟು ಪರದೇಶ ಸೇರಿದವನು. ಗ್ರಹಗಣಿತದಲ್ಲಿ ಅದೇ ಪದವು ಎರಡು ಊರುಗಳ ನಡುವಣ ರೇಖಾಂಶದ ವ್ಯತ್ಯಾಸವನ್ನೂ, ಅದರಿಂದಾಗಿ ಅವುಗಳ ವೇಳೆಯಲ್ಲಿ ಬೀಳುವ ಅಂತರವನ್ನೂ ಸೂಚಿಸುತ್ತದೆ. ಕಾಲ್ನಡಿಗೆಯ, ಎತ್ತಿನ ಗಾಡಿಯ, ಹಡಗಿನ ಕಾಲದಲ್ಲಿ ಈ ಎರಡು ಅರ್ಥಗಳು ಒಬ್ಬನೇ ಮನುಷ್ಯನ ಮೈಯಲ್ಲಿ ಎದುರುಬದುರಾಗುವ ಸಂದರ್ಭವಿರಲಿಲ್ಲ; ಏಕೆಂದರೆ ಪ್ರಯಾಣವೇ ನಿಧಾನವಾಗಿದ್ದುದರಿಂದ ದೇಹವು ದಾರಿಯುದ್ದಕ್ಕೂ ತನ್ನ ವೇಳೆಯನ್ನು ಸರಿಪಡಿಸಿಕೊಳ್ಳುತ್ತ ಬರುತ್ತಿತ್ತು. ವಿಮಾನವು ಆ ನಿಧಾನವನ್ನು ತೆಗೆದುಹಾಕಿತು. ಬೆನ್ನಿಗೊಂದು ಚೀಲ ಹೇರಿಕೊಂಡು ಪರದೇಶದ ನಗರದಲ್ಲಿ ಇಳಿದವನ ಮೊದಲ ದಿನದ ಮಂಪರಿಗೆ ಜೆಟ್ ಲ್ಯಾಗ್ ಎಂದು ಹೆಸರಿಟ್ಟು ಸುಮ್ಮನಾಗುವುದುಂಟು. ಆದರೆ ಆ ಮಂಪರಿನೊಳಗೆ ಒಂದು ಹಳೆಯ ತಾತ್ತ್ವಿಕ ಪ್ರಶ್ನೆಯಿದೆ. ಆಕಾಶವು ಹಗಲೆಂದೂ ದೇಹವು ರಾತ್ರಿಯೆಂದೂ ಹೇಳುವಾಗ ಮನುಷ್ಯನು ಯಾವುದನ್ನು ‘ಈಗ’ ಎಂದು ಕರೆಯಬೇಕು, ಯಾವ ‘ಈಗ’ಕ್ಕೆ ತಕ್ಕಂತೆ ಕರ್ತವ್ಯವನ್ನು ನಡೆಸಬೇಕು?

ಊರಿನಲ್ಲಿದ್ದಾಗಲೂ ಗಡಿಯಾರ ಮತ್ತು ಸೂರ್ಯ ಒಂದೇ ಮಾತನ್ನು ಹೇಳುವುದಿಲ್ಲವೆಂಬುದನ್ನು ಇಲ್ಲಿ ಮೊದಲು ಗಮನಿಸಬೇಕು. ಬೆಂಗಳೂರಿನ ಕನಕಪುರ ರಸ್ತೆಯ ತಲಘಟ್ಟಪುರವು ಸುಮಾರು 77.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. 1906ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ಕಾಲಮಾನವಾದರೋ 82.5 ಡಿಗ್ರಿಯ ರೇಖೆಯನ್ನು ಆಧರಿಸಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಅಲ್ಲಿಯ ಸೂರ್ಯನು ಗಡಿಯಾರಕ್ಕಿಂತ ಸರಾಸರಿ ಇಪ್ಪತ್ತು ನಿಮಿಷ ಹಿಂದಿರುತ್ತಾನೆ, ಅಂದರೆ ಹನ್ನೆರಡು ಹೊಡೆದಾಗ ಅಲ್ಲಿ ನೆತ್ತಿಯ ಮೇಲೆ ಸೂರ್ಯ ಇನ್ನೂ ಬಂದಿರುವುದಿಲ್ಲ. ಊರಿಂದೂರಿಗೆ ವೇಳೆ ಬೇರೆಯೆಂಬ ಈ ಅರಿವು ಭಾರತೀಯ ಗಣಿತಕ್ಕೆ ಹೊಸದಲ್ಲ. ಕ್ರಿ.ಶ. 499ರ ಸುಮಾರಿಗೆ ಆರ್ಯಭಟನು ಭೂಮಿಯ ಸುತ್ತ ತೊಂಬತ್ತು ತೊಂಬತ್ತು ಡಿಗ್ರಿಗೊಂದರಂತೆ ನಾಲ್ಕು ನಗರಗಳನ್ನು ಕಲ್ಪಿಸಿ, ಲಂಕೆಯಲ್ಲಿ ಸೂರ್ಯೋದಯವಾಗುವ ಹೊತ್ತಿಗೆ ಸಿದ್ಧಪುರದಲ್ಲಿ ಸೂರ್ಯಾಸ್ತವೂ ಯವಕೋಟಿಯಲ್ಲಿ ಮಧ್ಯಾಹ್ನವೂ ರೋಮಕದಲ್ಲಿ ನಡುರಾತ್ರಿಯೂ ಆಗಿರುತ್ತದೆಂದು ನಿರೂಪಿಸಿದ್ದಾನೆ. ಈ ನಾಲ್ಕು ವೇಳೆಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದೂ ಎಲ್ಲರದೂ ಅಲ್ಲ.

ಆದರೆ ದೇಹದ ವೇಳೆ ಎಂಬ ಐದನೆಯದೊಂದಿದೆ, ಮತ್ತು ಅದನ್ನು ಅರಿಯಲು ತಲಘಟ್ಟಪುರವು ಒಳ್ಳೆಯ ಸ್ಥಳ. ರಾಜ್ಯದ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಇರುವುದು ಅಲ್ಲಿಯೇ. ಹಸಿರು ಮಾರ್ಗದ ಮೆಟ್ರೊದಲ್ಲಿ ತಲಘಟ್ಟಪುರದ ಮುಂದಿನ ನಿಲ್ದಾಣಕ್ಕೆ ಬಂದಿರುವ ಹೆಸರೂ ರೇಷ್ಮೆ ಸಂಸ್ಥೆಯದೇ. ಗೂಡಿನೊಳಗಿನ ರೇಷ್ಮೆ ಹುಳು ಚಿಟ್ಟೆಯಾಗಿ ಹೊರಬರುವುದು ಸಾಮಾನ್ಯವಾಗಿ ಬೆಳಗಿನ ಜಾವದಲ್ಲಿ ಎಂಬುದು ಬಿತ್ತನೆ ಗೂಡಿನ ಕೆಲಸದವರೆಲ್ಲ ಬಲ್ಲ ಸಂಗತಿ. 1970ರಲ್ಲಿ ಟ್ರೂಮನ್ ಮತ್ತು ರಿಡಿಫೋರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು ಎರಡು ಜಾತಿಯ ಕಾಡು ರೇಷ್ಮೆ ಪತಂಗಗಳನ್ನು ಆರಿಸಿಕೊಂಡರು. ಒಂದು ಬೆಳಗಿನ ಹೊತ್ತು ಹೊರಬರುವಂಥದು, ಇನ್ನೊಂದು ಹಗಲು ಮುಗಿಯುತ್ತ ಬಂದಾಗ ಹೊರಬರುವಂಥದು. ಅವುಗಳ ಮಿದುಳುಗಳನ್ನು ಅದಲುಬದಲು ಮಾಡಿದಾಗ ಪ್ರತಿ ಪತಂಗವೂ ಮಿದುಳು ಕೊಟ್ಟ ಜಾತಿಯ ವೇಳೆಗೆ ಹೊರಬಂದಿತು. ಮನುಷ್ಯನಲ್ಲಿಯೂ ಇಂಥದೇ ಒಂದು ಗಡಿಯಾರವು ಮಿದುಳಿನೊಳಗೆ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಮೇಲ್ಗಡೆ, ಸುಮಾರು ಇಪ್ಪತ್ತು ಸಾವಿರ ನರಕೋಶಗಳ ಗಂಟಾಗಿ ಇದೆ. ಬೆಳಕನ್ನು ಕಂಡು ಅದು ತನ್ನನ್ನು ತಿದ್ದಿಕೊಳ್ಳುತ್ತದೆಯಾದರೂ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುತ್ತದೆ. ಜಠರ, ಯಕೃತ್ತು ಮೊದಲಾದ ಅಂಗಗಳು ಅದಕ್ಕೂ ಹಿಂದೆಬಿದ್ದು ತಮ್ಮ ತಮ್ಮ ಗತಿಯಲ್ಲಿ ಬರುತ್ತವೆ.

ಹೀಗಿರುವಾಗ ತಲಘಟ್ಟಪುರದಿಂದ ಹೊರಟು ಜೂನ್ ತಿಂಗಳಲ್ಲಿ ಲಂಡನ್ ತಲುಪಿದ ಯುವಕನೊಬ್ಬನ ಮೊದಲ ದಿನವನ್ನು ಊಹಿಸಬಹುದು. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ಭಾರತಕ್ಕಿಂತ ನಾಲ್ಕೂವರೆ ಗಂಟೆ, ಅಂದರೆ ಇಪ್ಪತ್ನಾಲ್ಕು ನಿಮಿಷಕ್ಕೊಂದು ಘಳಿಗೆಯಂತೆ ಹನ್ನೊಂದೂಕಾಲು ಘಳಿಗೆ ಹಿಂದಿರುತ್ತದೆ. ಹಾಸ್ಟೆಲ್ಲಿನ ಮೇಲಂತಸ್ತಿನ ಹಾಸಿಗೆಯಲ್ಲಿ ಚೀಲವಿರಿಸಿ, ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ನೋಡಲು ಅವನು ಸಂಜೆ ಏಳರ ಹೊತ್ತಿಗೆ ಬಂದರೆ ಬಿಸಿಲು ಇನ್ನೂ ನದಿಯ ಮೇಲೆ ಹರಡಿರುತ್ತದೆ. ಆದರೆ ಅವನ ರೆಪ್ಪೆಗಳಿಗೆ ಅದು ರಾತ್ರಿ ಹನ್ನೊಂದೂವರೆ. ಎಳೆಯುವ ಕಣ್ಣನ್ನು ಉಜ್ಜಿಕೊಂಡು ಕಲ್ಲುಪೀಠದ ಮೇಲಿನ ಹೆಸರನ್ನು ಅವನು ಎರಡೆರಡು ಸಲ ಓದಬೇಕಾಗುತ್ತದೆ. ಸೂರ್ಯ ಮುಳುಗುವುದು ಒಂಬತ್ತು ಇಪ್ಪತ್ತರ ಸುಮಾರಿಗೆ, ತಲಘಟ್ಟಪುರದಲ್ಲಿ ಬೀದಿನಾಯಿಯೂ ಮುದುಡಿ ಮಲಗಿರುವ ನಡುರಾತ್ರಿ ಒಂದು ಐವತ್ತಕ್ಕೆ. ಸ್ಥಾವರ ಮತ್ತು ಜಂಗಮ, ಅಂದರೆ ನೆಲೆನಿಂತದ್ದು ಮತ್ತು ಚಲಿಸುವುದು ಎಂಬ ಭೇದವನ್ನು ಧರ್ಮದ ಕೇಂದ್ರಕ್ಕೆ ತಂದ ಶರಣನ ಎದುರಿನಲ್ಲಿ ಚಲಿಸಿ ಬಂದಿರುವವನ ದೇಹವೇ ಇನ್ನೂ ಊರಿನಲ್ಲಿ ಸ್ಥಾವರವಾಗಿ ಉಳಿದಿರುತ್ತದೆ.

ಆ ಯುವಕನು ಸಂಧ್ಯಾವಂದನೆಯ ನಿಯಮವುಳ್ಳವನಾದರೆ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. ಯಾವ ಸಂಧ್ಯೆ ಅವನದು? ಸಂಪ್ರದಾಯದ ಉತ್ತರ ಸ್ಪಷ್ಟ: ಸಂಧ್ಯೆಯೆಂದರೆ ಹಗಲಿರುಳು ಕೂಡುವ ಹೊತ್ತು, ಆದ್ದರಿಂದ ಅದು ನಿಂತ ನೆಲದ ಸೂರ್ಯನಿಗೆ ಸೇರಿದ್ದು. ತಿಥಿಯ ಸ್ವರೂಪ ಬೇರೆ. ಚಂದ್ರನು ಸೂರ್ಯನಿಂದ ಹನ್ನೆರಡು ಡಿಗ್ರಿ ಮುಂದೆ ಸಾಗುವ ಅವಧಿಯೇ ತಿಥಿಯಾದ್ದರಿಂದ ಅದು ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ. ಆದರೆ ಉಪವಾಸ ವ್ರತಗಳನ್ನು ಸೂರ್ಯೋದಯಕ್ಕಿರುವ ತಿಥಿಯನ್ನು ಹಿಡಿದು ಗೊತ್ತುಮಾಡುವುದರಿಂದ ಬೆಂಗಳೂರಿನ ಏಕಾದಶಿ ಪಶ್ಚಿಮದ ನಗರದಲ್ಲಿ ಒಂದು ದಿನ ಮೊದಲೇ ಬರುವುದುಂಟು. ಹೊತ್ತು ತಪ್ಪಿದವನಿಗೂ ದಾರಿಯಿದೆ. ಶಾಸ್ತ್ರವು ಮುಖ್ಯಕಾಲ, ಗೌಣಕಾಲ ಎಂದು ಎರಡನ್ನು, ಅಂದರೆ ಸರಿಯಾದ ಹೊತ್ತನ್ನೂ ಒಪ್ಪಿಕೊಳ್ಳಬಹುದಾದ ಹೊತ್ತನ್ನೂ ಗುರುತಿಸಿ, ತಡವಾದವನು ಒಂದು ಪ್ರಾಯಶ್ಚಿತ್ತಾರ್ಘ್ಯವನ್ನು ಹೆಚ್ಚಾಗಿ ಬಿಡಬೇಕೆನ್ನುತ್ತದೆ. ತಡವಾಗುವುದು ಮನುಷ್ಯಸಹಜವೆಂಬ ಒಪ್ಪಿಗೆ ವಿಧಿಯೊಳಗೇ ಇದೆ. ಪ್ರಯಾಣಿಕನ ನಮಾಜನ್ನು ಸಂಕ್ಷೇಪಗೊಳಿಸುವ ಇಸ್ಲಾಮಿನ ನಿಯಮದಲ್ಲಿಯೂ ಇದೇ ಕರುಣೆ ಕಾಣುತ್ತದೆ. ಅಲ್ಲಿಯೂ ವೇಳೆಯನ್ನು ತಂಗಿದ ಊರಿನ ಸೂರ್ಯನೇ ನಿರ್ಧರಿಸುತ್ತಾನೆ.

ಈ ಸಮಾಧಾನವು ಎಲ್ಲ ಕಾಲದಲ್ಲಿಯೂ ಸುಲಭವಾಗಿ ದೊರೆತದ್ದಲ್ಲ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕರ್ಮಗಳಲ್ಲಿ ಎಣಿಸುತ್ತದೆ. 2008ರ ಉಡುಪಿಯ ಪರ್ಯಾಯದ ಹೊತ್ತಿಗೂ, ವಿದೇಶಯಾತ್ರೆ ಮಾಡಿದ್ದ ಪುತ್ತಿಗೆ ಮಠದ ಸುಗುಣೇಂದ್ರತೀರ್ಥರು ಕೃಷ್ಣವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ಚರ್ಚೆ ಎದ್ದಿತ್ತು. ಈ ನಿಷೇಧದ ಹಿಂದೆ ಆಚಾರಲೋಪದ ಅಂಜಿಕೆ ಇರಬಹುದು. ನೆಲ, ನೀರು, ವೇಳೆ ಮೂರೂ ಬದಲಾದ ಮೇಲೆ ಕರ್ಮ ಮಾಡುವವನು ಅವನೇ ಆಗಿ ಉಳಿಯುತ್ತಾನೆಯೇ ಎಂಬುದು ನಗಣ್ಯವಾದ ಪ್ರಶ್ನೆಯಲ್ಲ.

ಇದಕ್ಕೆ ದರ್ಶನಗಳು ಕೊಡುವ ಉತ್ತರ ಹೆಚ್ಚು ಆಳವಾದದ್ದು. ವೈಶೇಷಿಕರ ಮತದಲ್ಲಿ ಕಾಲವು ಒಂದೇ, ಸರ್ವವ್ಯಾಪಿ, ನಿತ್ಯ. ಘಳಿಗೆ, ದಿನ, ತಿಂಗಳುಗಳು ಸೂರ್ಯನ ಚಲನೆ ಮೊದಲಾದ ಉಪಾಧಿಗಳಿಂದ, ಅಂದರೆ ಹೊರಗಿನಿಂದ ಅಂಟಿದ ಗುರುತುಗಳಿಂದ ಬಂದ ಭೇದಗಳು ಮಾತ್ರ. ಕನ್ನಡ ನೆಲದಲ್ಲಿ ಬೆಳೆದ ಮಾಧ್ವ ದರ್ಶನವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕಾಲವು ಸಾಕ್ಷಿವೇದ್ಯವೆನ್ನುತ್ತದೆ. ಸಾಕ್ಷಿಯೆಂದರೆ ಜೀವಸ್ವರೂಪವೇ ಆಗಿರುವ ಇಂದ್ರಿಯ. ಸುಖ, ದುಃಖ, ಕಾಲ, ಅವಕಾಶಗಳನ್ನು ಅದು ನೇರವಾಗಿ ಅರಿಯುತ್ತದೆ, ಮತ್ತು ಗಾಢನಿದ್ರೆಯಿಂದ ಎದ್ದವನು ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆನೆಂದು ನೆನೆಯುವುದು ನಿದ್ರೆಯಲ್ಲಿಯೂ ಕಾಲದ ಅನುಭವ ಇತ್ತೆಂಬುದಕ್ಕೆ ಗುರುತು. ಸಾಕ್ಷಿಯ ಜ್ಞಾನ ತಪ್ಪುವುದಿಲ್ಲ, ತಪ್ಪುವುದು ಮನಸ್ಸು. ಈ ವಿವೇಕವನ್ನು ಥೇಮ್ಸ್ ದಂಡೆಯ ಮಂಪರಿಗೆ ಅನ್ವಯಿಸಿದರೆ, ನಿದ್ದೆ ಬರುತ್ತಿದೆಯೆಂಬ ಅರಿವು ಸಾಕ್ಷಿಯದು, ಅದು ನಿಜ; ಆದ್ದರಿಂದ ಈಗ ರಾತ್ರಿಯೆಂಬ ತೀರ್ಮಾನ ಮನಸ್ಸಿನದು, ಅದು ತಪ್ಪು. ದೇಹವು ಸುಳ್ಳು ಹೇಳುತ್ತಿಲ್ಲ, ಬೇರೊಂದು ಊರಿನ ನಿಜವನ್ನು ಹೇಳುತ್ತಿದೆ.

ಸಂಕಲ್ಪದ ಅರ್ಥ ಹೊಸದಾಗಿ ಹೊಳೆಯುವುದು ಇಲ್ಲಿಯೇ. ಯಾವುದೇ ಕರ್ಮಕ್ಕೆ ಮುನ್ನ ದ್ವೀಪ, ವರ್ಷ, ಖಂಡಗಳಿಂದ ತೊಡಗಿ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳವರೆಗೆ ತಾನಿರುವ ದೇಶಕಾಲಗಳನ್ನು ಉಚ್ಚರಿಸುವ ವಿಧಿಯಿದೆ. ಅಮೆರಿಕದಲ್ಲಿ ನೆಲೆಸಿದವರಲ್ಲಿ ಜಂಬೂದ್ವೀಪದ ಬದಲು ಕ್ರೌಂಚದ್ವೀಪವೆಂದು ಹೇಳುವ ರೂಢಿಯೂ ಉಂಟು. ಇದನ್ನು ಕೇವಲ ವಿಳಾಸವೆಂದು ತಿಳಿದರೆ ಮೊದಲ ದಿನದ ಪ್ರಯಾಣಿಕನ ಬಾಯಲ್ಲಿ ಅದು ಅರೆನಿಜವಾಗುತ್ತದೆ, ಏಕೆಂದರೆ ಅವನ ಅರ್ಧ ಭಾಗ ಇನ್ನೂ ಅಲ್ಲಿಗೆ ಬಂದಿಲ್ಲ. ಆದರೆ ಸಂಕಲ್ಪವೆಂದರೆ ವರದಿಯಲ್ಲ, ನಿಶ್ಚಯ. ದೇಹವು ಅರಿಯುವ ಮೊದಲೇ ಬುದ್ಧಿಯು ಇಲ್ಲಿ, ಈಗ ಎಂದು ನಿಲ್ಲುವುದೇ ಅದರ ಕೆಲಸ.

ಅತಿಥಿ ಎಂಬ ಪದವನ್ನು ಸಂಚರಿಸುವುದೆಂಬ ಅರ್ಥದ ಧಾತುವಿನಿಂದ ಬಿಡಿಸುವವರಿದ್ದಾರೆ, ಗೊತ್ತಾದ ತಿಥಿಯಿಲ್ಲದೆ ಬಂದವನೆಂದು ಬಿಡಿಸುವವರೂ ಇದ್ದಾರೆ. ಒಂದು ರಾತ್ರಿ ಮಾತ್ರ ತಂಗುವವನೇ ಅತಿಥಿಯೆಂದು ಮನುಸ್ಮೃತಿ ಹೇಳುತ್ತದೆ. ಮೂರು ವಿವರಣೆಗಳೂ ಆ ಯುವಕನಿಗೆ ಹೊಂದುತ್ತವೆ, ಮತ್ತು ಅವನಿಗಿಂತ ಹೆಚ್ಚಾಗಿ ಅವನ ದೇಹಕ್ಕೆ ಹೊಂದುತ್ತವೆ. ಬೆಳಗಿನ ಜಾವ ಮೂರೂವರೆಗೆ, ಊರಿನ ಎಂಟು ಗಂಟೆಯ ಲೆಕ್ಕದಲ್ಲಿ, ಅದು ಹಸಿದು ಎಚ್ಚರಗೊಂಡಾಗ ಗದರಿಸಿ ಮಲಗಿಸಬೇಕಾಗಿಲ್ಲ. ತಡವಾಗಿ ಬಂದ ಅತಿಥಿಗೆಂಬಂತೆ ಚೀಲದಲ್ಲಿರುವ ಒಂದಿಷ್ಟು ಅವಲಕ್ಕಿಯನ್ನೋ ಚಕ್ಕುಲಿಯನ್ನೋ ಕೊಟ್ಟು, ಒಂದು ಗಂಟೆ ಕಳೆದ ಮೇಲೆ ಮೂಡುವ ಸೂರ್ಯನಿಗಾಗಿ ಅದರೊಡನೆ ಕಾದರಾಯಿತು.