ಅಚ್ಚುಬೆಲ್ಲದ ಋಣ

ಸಂಕ್ರಾಂತಿ ಮುಗಿದ ಮಾರನೆಯ ದಿನ ತವರಿಗೆ ಹೋಗುವಾಗ ಹತ್ತು ಅಚ್ಚುಬೆಲ್ಲವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಒಯ್ಯುವುದು ನನ್ನ ವಾಡಿಕೆ. ಗಂಡನ ಮನೆ ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ತಲೆಭಾಗ. ತವರು ಮಳವಳ್ಳಿ ಸೀಮೆ, ಅದೇ ನಾಲೆಯ ಕೊನೆ. 2024ರ ಸಂಕ್ರಾಂತಿ ಅದು. ಹಿಂದಿನ ಮಳೆಗಾಲ ಕೈಕೊಟ್ಟು, ನಾಲೆಗೆ ನೀರುಣಿಸುವ ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ. ಕೊನೆಯ ಗದ್ದೆಗಳಿಗೆ ನೀರು ಸಕಾಲಕ್ಕೆ ತಲುಪಿರಲಿಲ್ಲ. ತಮ್ಮ ಗಂಟು ಬಿಚ್ಚಿ, ಒಂದು ಅಚ್ಚು ಕೈಯಲ್ಲಿ ಹಿಡಿದು, "ಅಕ್ಕ, ನಮ್ ಗದ್ದೆ ನೀರ್ನೇ ಬೆಲ್ಲ ಮಾಡಿ ತಂದಿದ್ದೀಯ" ಅಂದ. ದನಿಯಲ್ಲಿ ಕೊಂಕಿರಲಿಲ್ಲ. ಆಮೇಲೆ ಅದನ್ನೇ ದೇವರ ಮುಂದಿಟ್ಟು ದೀಪ ಹಚ್ಚಿದ. ನನಗೆ ಕೈಮುಗಿಯಲು ಆಗಲಿಲ್ಲ.

ಇನ್ನೊಬ್ಬರ ಪಾಲಿನ ನೀರಿನಲ್ಲಿ ಬೆಳೆದದ್ದನ್ನು ದೇವರಿಗೆ ಎಡೆಯಿಡಬಹುದೇ? ಇಟ್ಟರೆ ಅದು ಯಾರ ನೈವೇದ್ಯ?

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಮೊದಲು ಲೆಕ್ಕಕ್ಕೇ ಕೂತೆ. ಕಬ್ಬಿನ ಒಂದು ಬೆಳೆಗೆ, ಮಳೆಯೂ ಸೇರಿ, 1500ರಿಂದ 2500 ಮಿಲಿಮೀಟರ್ ನೀರು ಬೇಕೆನ್ನುತ್ತದೆ ಕೃಷಿ ವಿಜ್ಞಾನ. ನಡುವಿನ 2000 ಹಿಡಿದರೆ ಎಕರೆಗೆ ಸುಮಾರು 80 ಲಕ್ಷ ಲೀಟರ್. ನಮ್ಮ ಇಳುವರಿ ಎಕರೆಗೆ 40 ಟನ್. ಆಲೆಮನೆಯಲ್ಲಿ ಹತ್ತು ಕೆಜಿ ಕಬ್ಬಿಗೆ ಹೆಚ್ಚುಕಮ್ಮಿ ಒಂದು ಕೆಜಿ ಬೆಲ್ಲ. ಅಂದರೆ ಕಾಲು ಕೆಜಿಯ ಒಂದು ಅಚ್ಚಿಗೆ 500 ಲೀಟರ್. ಅಂಗೈಯಲ್ಲಿಟ್ಟುಕೊಂಡು ನೋಡಿದೆ: ಮೈಮೇಲೆ ಮರದ ಅಚ್ಚಿನ ಗೆರೆಗಳು, ಮುರಿದ ಕಡೆ ಹರಳು ಹರಳು. ಎಲ್ಲಿಯೂ ಒಂದು ಹನಿ ಪಸೆಯಿಲ್ಲ.

ಕೊಪ್ಪರಿಗೆಯ ಮುಂದೆ ನಿಂತವರಿಗೆ ಗೊತ್ತು, ಬೆಲ್ಲ ಮಾಡುವುದೆಂದರೆ ನೀರನ್ನು ಓಡಿಸುವುದು. ಕಬ್ಬಿನ ಹಾಲು ಕುದಿಯುತ್ತದೆ, ನೊರೆ ತೆಗೆಯುತ್ತಾರೆ, ಪಾಕ ಹದಕ್ಕೆ ಬಂತೇ ಎಂದು ತಣ್ಣೀರಿಗೆ ಒಂದಿಷ್ಟು ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಗದ್ದೆಯಲ್ಲಿ ಕಬ್ಬು ಮಾಡುವುದೂ ಅದನ್ನೇ. ಬೇರು ಹೀರಿದ ನೀರಿನಲ್ಲಿ ಬಹುಪಾಲನ್ನು ಎಲೆ ಗಾಳಿಗೆ ಬಿಟ್ಟುಬಿಡುತ್ತದೆ. ಇಂಗಾಲವನ್ನು ಒಳಗೆ ಬಿಟ್ಟುಕೊಳ್ಳಲು ಎಲೆಯ ಸಣ್ಣ ರಂಧ್ರಗಳು ತೆರೆಯಲೇಬೇಕು. ತೆರೆದರೆ ನೀರು ಹೊರಗೆ ಹೋಗಲೇಬೇಕು. ಈ ವ್ಯಾಪಾರದಲ್ಲಿ ಕಬ್ಬು ಜಾಣ. ಅದರ ಎಲೆ ಇಂಗಾಲವನ್ನು ಕೂಡಿಡುವ ಬೇರೆಯೇ ದಾರಿಯನ್ನು ವಿಜ್ಞಾನಿಗಳು ಕಂಡುಕೊಂಡದ್ದು 1960ರ ದಶಕದಲ್ಲಿ, ಹವಾಯಿ ಮತ್ತು ಆಸ್ಟ್ರೇಲಿಯಾದಲ್ಲಿ, ಕಬ್ಬನ್ನೇ ಇಟ್ಟುಕೊಂಡು. ಅಷ್ಟೇ ಇಂಗಾಲಕ್ಕೆ ಭತ್ತ ಕಳೆದುಕೊಳ್ಳುವಷ್ಟು ನೀರನ್ನು ಅದು ಕಳೆದುಕೊಳ್ಳುವುದಿಲ್ಲ. ಆದರೆ ಹನ್ನೆರಡು ತಿಂಗಳೂ ಹಸಿರಾಗಿ ನಿಂತಿರಬೇಕಾದ್ದರಿಂದ ಅದರ ಒಟ್ಟು ದಾಹ ದೊಡ್ಡದು.

ಬ್ರೆಜಿಲ್‌ನ ಸೆರಾಡೊ ಬಯಲಿನ ಬಗ್ಗೆ 2011ರಲ್ಲಿ ಬಂದ ಒಂದು ಅಧ್ಯಯನ ಓದಿದಾಗ ಮನಸ್ಸಿಗೆ ಸ್ವಲ್ಪ ನಿರಾಳವಾಯಿತು. ಹುಲ್ಲುಗಾವಲು, ಬೇರೆ ಬೆಳೆ ಇದ್ದ ಕಡೆ ಕಬ್ಬು ಬಂದ ಮೇಲೆ ನೆಲ ಸರಾಸರಿ 0.93 ಡಿಗ್ರಿ ತಂಪಾಗಿತ್ತು, ಎಲೆ ಬಿಟ್ಟ ಆವಿಯಿಂದ. ಕುಡಿದದ್ದನ್ನು ಆಕಾಶಕ್ಕೆ ಒಪ್ಪಿಸುವ ಗಿಡ! ಯಜ್ಞದಿಂದ ಮಳೆ, ಮಳೆಯಿಂದ ಅನ್ನ ಎನ್ನುವ ಗೀತೆಯ ಮೂರನೆಯ ಅಧ್ಯಾಯದ ಯಜ್ಞಚಕ್ರ ಇದೇ ತಾನೇ ಅಂದುಕೊಂಡೆ. ಹಾಗಿದ್ದರೆ ನೀರು ಎಲ್ಲಿಯೂ ಹಾಳಾಗಲಿಲ್ಲ, ನಾವು ಯಾರದ್ದನ್ನೂ ಕದಿಯಲಿಲ್ಲ.

ಈ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಆ ಅಧ್ಯಯನದ್ದೇ ಇನ್ನೊಂದು ಮಾತು: ಸಹಜ ಕಾಡುಬಯಲನ್ನು ಕಡಿದು ಬೆಳೆ, ಹುಲ್ಲುಗಾವಲು ಮಾಡಿದಾಗ ನೆಲ ಅದಕ್ಕಿಂತ ಹೆಚ್ಚೇ, 1.55 ಡಿಗ್ರಿ, ಬಿಸಿಯಾಗಿತ್ತು. ಕಬ್ಬು ತಂಪು ಮಾಡಿದ್ದು ಅದರಲ್ಲಿ ಒಂದು ಪಾಲನ್ನಷ್ಟೇ. ಮತ್ತೆ, ನಮ್ಮ ಕಬ್ಬು ಆಕಾಶಕ್ಕೆ ಒಪ್ಪಿಸಿದ ಆವಿ ಎಲ್ಲೋ ಎಂದೋ ಮಳೆಯಾಗಿ ಬಿದ್ದೀತು. ತಮ್ಮನ ಪೈರಿಗೆ ನೀರು ಬೇಕಿದ್ದದ್ದು ಹೊಡೆ ತುಂಬುವ ಆ ವಾರ. ಅದು ದಾಟಿದ ಮೇಲೆ ಹೊಳೆಯೇ ಹರಿದರೂ ಕಾಳು ಜೊಳ್ಳು. ನೀರು ಅಳಿಯುವುದಿಲ್ಲ ಎಂಬುದು ನಿಜ. ಆದರೆ ನಾವು ಅವನಿಂದ ಕಸಿದದ್ದು ನೀರನ್ನಲ್ಲ, ಆ ವಾರವನ್ನು. ವಾರವನ್ನು ಯಾವ ಮೋಡವೂ ಹಿಂದಕ್ಕೆ ತಂದು ಸುರಿಯುವುದಿಲ್ಲ. ಪಡೆದದ್ದನ್ನು ಹಿಂದಿರುಗಿಸದಿರುವುದೂ ಕಳವೇ ಎನ್ನುವ ಅದೇ ಅಧ್ಯಾಯವನ್ನು ನಾನು ಈಗ ಹೀಗೆ ಓದುತ್ತೇನೆ: ಸಕಾಲಕ್ಕೆ ಸಲ್ಲದಿದ್ದರೆ ಋಣ ತೀರಿದಂತಲ್ಲ. ಮೇಲಾಗಿ, ಹವೆ ಒಂದು ಡಿಗ್ರಿ ಬಿಸಿಯಾದರೆ ಗಾಳಿ ಹಿಡಿದಿಡಬಲ್ಲ ಆವಿ ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ. ನಾಳಿನ ಗಾಳಿ ಇದೇ ಕಬ್ಬಿನಿಂದ ಇನ್ನಷ್ಟು ನೀರು ಕೇಳುತ್ತದೆ. ಆಗ ಕೊನೆಯವರ ವಾರಗಳು ಇನ್ನೂ ಕಿರಿದಾಗುತ್ತವೆ.

ಹೀಗೆ ಒಬ್ಬರ ವಾರವನ್ನು ಇನ್ನೊಬ್ಬರು ಕಸಿಯದಂತೆ ನೋಡಿಕೊಳ್ಳಲು ಹಳೆಯ ಕೆರೆಗಳಲ್ಲಿ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎನ್ನುವುದು ಅವನ ಕೈಯಲ್ಲಿತ್ತು. ಆ ಕೆಲಸ ಮಾಡುತ್ತಿದ್ದವರು ಬಹಳ ಕಡೆ ದಲಿತರು. ಊರಿಗೆಲ್ಲ ನೀರು ಹಂಚಿದವರನ್ನು ಊರು ತನ್ನ ಬಾವಿಯ ಹತ್ತಿರ ಬಿಡಲಿಲ್ಲ. ಧರ್ಮ ಎನ್ನುವ ಮಾತು ಬಂದಾಗಲೆಲ್ಲ ನನಗೆ ಇದೂ ನೆನಪಾಗುತ್ತದೆ.

ಈ ಸಲ ನೀರು ಉಳಿಸೋಣ ಎಂದು ನಮ್ಮ ಯಜಮಾನರಿಗೆ ಹೇಳಿದೆ. ಕೂಳೆ ಬೆಳೆಗೆ ತರಗು ಸುಡದೆ ಸಾಲಿಗೆ ಹೊದಿಸಿದೆವು. ಸಾಲು ಬಿಟ್ಟು ಸಾಲಿಗೆ ನೀರು ಕಟ್ಟಿದೆವು. ಕಟಾವಿಗೆ ಮುಂಚೆ ಕೆಲವು ವಾರ ನೀರು ನಿಲ್ಲಿಸಿದರೆ ಕಬ್ಬು ಉದ್ದವಾಗುವುದನ್ನು ಬಿಟ್ಟು ಸಕ್ಕರೆ ಕೂಡಿಡುತ್ತದೆ. ಅವರಿಗೆ ಇದು ಗೊತ್ತಿತ್ತು. ತೂಕ ಇಳಿದೀತೆಂಬ ಭಯಕ್ಕೆ ನಿಲ್ಲಿಸುತ್ತಿರಲಿಲ್ಲ. ಈಗ ನಮ್ಮ ಸರದಿಯ ರಾತ್ರಿ, ಸಮಯಕ್ಕೆ ಮುಂಚೆಯೇ ಬ್ಯಾಟರಿ ಹಿಡಿದು ಹೋಗಿ ತೂಬು ಇಳಿಸಿ ಬಂದರು.

ನಾಲ್ಕನೆಯ ದಿನ ತಮ್ಮನಿಗೆ ಫೋನ್ ಮಾಡಿದೆ. ಕಾಲುವೆಯಲ್ಲಿ ಮೊಣಕಾಲುದ್ದ ಬಂದಿದೆಯಂತೆ, ಕೆಸರು ಕೆಸರಾಗಿ. ನಾವು ಬಿಟ್ಟದ್ದೋ, ದಾರಿಯಲ್ಲಿ ಇನ್ನಾರೋ ಬಿಟ್ಟದ್ದೋ ಅಂತ ಕೇಳಲು ಹೋಗಲಿಲ್ಲ. ಅವನಿಗೂ ಹೊತ್ತಿರಲಿಲ್ಲ, ಮಡೆ ತಿರುಗಿಸಬೇಕು ಅಂತ ಫೋನಿಟ್ಟ.