ಹತ್ತಿರದ ನೀರು

ಬಹರೈನಿನ ಅದ್ಲಿಯಾದ ನಮ್ಮ ಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಅಧಾರಿ ಇದೆ. ಈಗ ಅದು ಮಕ್ಕಳು ಆಡಲು ಹೋಗುವ ಉದ್ಯಾನ. ಹಿಂದೆ ಅದು ದೇಶದಲ್ಲೆಲ್ಲ ಹೆಸರಾದ ಸಿಹಿನೀರಿನ ಬುಗ್ಗೆ. ಅದರ ನೀರು ಪಕ್ಕದ ನೆಲವನ್ನು ದಾಟಿ, ಕಾಲುವೆಯಲ್ಲಿ ಹರಿದು, ದೂರದ ಖರ್ಜೂರದ ತೋಟಗಳಿಗೆ ಸೇರುತ್ತಿತ್ತಂತೆ. ಅದಕ್ಕೇ ಮನೆಯವರನ್ನು ಮರೆತು ಹೊರಗಿನವರಿಗೆ ಉಪಕಾರ ಮಾಡುವವನನ್ನು ಕಂಡರೆ ಇಲ್ಲಿಯವರು, ‘ಅಧಾರಿಯ ಹಾಗೆ, ದೂರದವರಿಗೆ ನೀರುಣಿಸಿ ಹತ್ತಿರದವರನ್ನು ಬಿಡುತ್ತಾನೆ’ ಎನ್ನುತ್ತಾರೆ.

ಈ ಗಾದೆ ಕೇಳಿದ ದಿನ ನನಗೆ ನೆನಪಾದದ್ದು ನಮ್ಮ ಬೆಂಗಳೂರಿನ ವೃಷಭಾವತಿ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದವಳು ಎಂಬ ನಂಬಿಕೆ ಅವಳ ಬಗ್ಗೆ. ಗಾಳಿ ಆಂಜನೇಯನ ಗುಡಿಯ ಬಳಿ ಹಾದು, ಕೆಂಗೇರಿ ದಾಟಿ, ಬೈರಮಂಗಲದ ಕೆರೆಗಿಳಿದು, ಅರ್ಕಾವತಿಯನ್ನು ಕೂಡಿ, ಕೊನೆಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತಾಳೆ. ಚಿಕ್ಕಂದಿನಲ್ಲಿ ಮೈಸೂರು ರಸ್ತೆಯ ಬಸ್ಸಿನಲ್ಲಿ ಅವಳ ಪಕ್ಕ ಹೋಗುವಾಗ ನಾವು ಕಿಟಕಿ ಮುಚ್ಚುತ್ತಿದ್ದೆವು. ಅದೊಂದು ನದಿ, ಅದಕ್ಕೊಂದು ಹೆಸರಿದೆ ಎಂದು ಯಾರೂ ಹೇಳಿರಲಿಲ್ಲ. ಮೋರಿ ಎಂದೇ ನಮಗೆ ಗೊತ್ತು.

1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬೆಂಗಳೂರಿಗೆ ಬಂತು. ಸುಮಾರು ನೂರು ಕಿಲೋಮೀಟರ್ ಆಚೆಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತಂದ ನೀರು. ಅದನ್ನು ಕುಡಿದೇ ಬೆಳೆದವಳು ನಾನು. ಅದರ ಋಣ ನನ್ನ ಮೇಲಿದೆ. ಆದರೆ ದೂರದ ನೀರು ನಲ್ಲಿಗೆ ಬಂದಷ್ಟೂ ಹತ್ತಿರದ ನೀರು ನಮ್ಮ ಕಣ್ಣಿಂದ ಮರೆಯಾಯಿತು. ಬೇಕಿಲ್ಲದ ನದಿಗೆ ನಾವು ಬೇಡದ್ದನ್ನೆಲ್ಲ ಸುರಿದೆವು. ಮಿಂದು, ತೊಳೆದು ಬಿಟ್ಟ ಕಾವೇರಿ ವೃಷಭಾವತಿಯ ದಾರಿ ಹಿಡಿದು ಮತ್ತೆ ಕಾವೇರಿಗೇ ಮರಳುತ್ತಾಳೆ. ಕೆಳಗಿನ ಊರಿನವರ ಗದ್ದೆ, ಬಾವಿ ನಡುವೆ ಸಿಕ್ಕಿ ಆ ಮರವೆಯ ಬೆಲೆ ತೆರುತ್ತವೆ.

ಅಧಾರಿಯನ್ನೂ ಯಾರೊಬ್ಬರೂ ಬೇಕೆಂದು ಕೊಲ್ಲಲಿಲ್ಲ. ಅರೇಬಿಯಾದ ನೆಲದಲ್ಲಿ ಯಾವ ಕಾಲದಲ್ಲೋ ಇಂಗಿದ ಮಳೆ ಕಡಲ ತಳದ ಕಲ್ಲಿನ ಪದರದಲ್ಲಿ ಹರಿದು ಈ ದ್ವೀಪದಲ್ಲಿ ತಾನಾಗಿ ಉಕ್ಕುತ್ತಿತ್ತು. 1925ರಲ್ಲಿ ಫ್ರಾಂಕ್ ಹೋಮ್ಸ್ ಎಂಬವರು ಇಲ್ಲಿ ನೀರಿಗಾಗಿ ಕೊಳವೆಬಾವಿ ಕೊರೆಸಿದರು. ಆಮೇಲೆ ಬಾವಿಗಳು ಹೆಚ್ಚುತ್ತ ಹೋದವು. ಒಬ್ಬೊಬ್ಬರೂ ತಮ್ಮ ತೋಟಕ್ಕೆ, ತಮ್ಮ ಮನೆಗೆ ಅಂತಲೇ ಕೊರೆದದ್ದು. ನೆಲದೊಳಗಿನ ಒತ್ತಡ ಕುಗ್ಗಿ ಬುಗ್ಗೆಗಳು ಒಂದೊಂದಾಗಿ ಬತ್ತಿದವು.

ಜಲಾನಯನ ಎಂಬ ಮಾತನ್ನು ನಾವು ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೆವು. ಆನಯನ ಎಂದರೆ ಕರೆತರುವುದು. ನೀರನ್ನು ನದಿಗೆ ಕರೆತರುವ ನೆಲವೆಲ್ಲ ಜಲಾನಯನ. ಹಾಗಾದರೆ ಮನೆಯ ತಾರಸಿ, ಕಾರು ತೊಳೆಯುವ ಅಂಗಳ, ಹೋಟೆಲಿನ ಹಿತ್ತಲು ಎಲ್ಲವೂ ನದಿಯ ಭಾಗವೇ. ನದಿಯವನಾಗಲು ದಡದಲ್ಲೇ ಮನೆ ಮಾಡಬೇಕಿಲ್ಲ. ಹಳೆಯ ಊರುಗಳಿಗೆ ಇದು ತಿಳಿದಿತ್ತು. ತೂಬು ಎತ್ತುವ ನೀರಗಂಟಿ ಒಬ್ಬನಾದರೂ ಕಾಲುವೆಯ ಹೂಳು ತೆಗೆಯಲು ಅಚ್ಚುಕಟ್ಟಿನವರೆಲ್ಲ ಗುದ್ದಲಿ ಹಿಡಿಯಬೇಕಿತ್ತು. ಇತ್ತೀಚೆಗೆ ಬೆಂಗಳೂರಿನ ಕೈಕೊಂಡರಹಳ್ಳಿ, ಪುಟ್ಟೇನಹಳ್ಳಿಯ ಕೆರೆಗಳನ್ನು ಸುತ್ತಲಿನ ನಿವಾಸಿಗಳೇ ಪಾಲಿಕೆಯೊಡನೆ ಕೈಜೋಡಿಸಿ ಉಳಿಸಿಕೊಂಡದ್ದು ಆ ತಿಳಿವಳಿಕೆಯ ಮರುಹುಟ್ಟು. ಕೆರೆ ಕಾಯಲು ಹೊರಟವರು ಬೇಲಿಯ ಬಳಿಯೇ ನಿಲ್ಲುವಂತಿಲ್ಲ. ರಾಜಕಾಲುವೆ ಹಿಡಿದು ಮೇಲೆ ನಡೆದು, ಯಾರ ಮನೆಯ ಕೊಳಚೆ ಎಲ್ಲಿ ಸೇರುತ್ತಿದೆ ಎಂದು ನೋಡಿ, ಅವರ ಬಾಗಿಲು ತಟ್ಟಬೇಕಾಗುತ್ತದೆ.

ನೊರೆ ತುಂಬಿದ ವೃಷಭಾವತಿಯ ಫೋಟೋವನ್ನು ರಾಜರಾಜೇಶ್ವರಿನಗರದ ಅಕ್ಕ ಕಳಿಸಿದಾಗೆಲ್ಲ ನನ್ನ ಕರುಳು ಹಿಂಡುತ್ತಿತ್ತು. ಒಂದು ಸಂಜೆ ಪಾತ್ರೆ ತೊಳೆಯುತ್ತ ನಿಂತಾಗ ಹೊಳೆಯಿತು: ಈ ನೀರು ಎಲ್ಲಿಗೆ ಹೋಗುತ್ತದೆ? ಇಷ್ಟು ವರ್ಷ ಇಲ್ಲಿದ್ದೂ ನಾನು ಕೇಳಿಕೊಂಡಿರಲಿಲ್ಲ. ಅಧಾರಿಯ ಗಾದೆ ನನ್ನನ್ನೇ ಕುರಿತು ಹೇಳಿದಂತಿತ್ತು.

ಆ ಶುಕ್ರವಾರ ತೂಬ್ಲಿ ಕೊಲ್ಲಿಗೆ ಹೋದೆ. ತೂಬ್ಲಿ ಊರಿನಲ್ಲೇ ಕೊಳಚೆ ಶುದ್ಧೀಕರಿಸುವ ದೊಡ್ಡ ಘಟಕವಿದೆ. ಕೊಲ್ಲಿಯ ಅಂಚಿನ ರಾಸ್ ಸನದ್‌ನಲ್ಲಿ, ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವಂಥ ಗಿಡಗಳು ಕೆಸರಿನಿಂದ ಬೇರುಗಳನ್ನು ಮೇಲೆತ್ತಿ ಉಸಿರಾಡುತ್ತಿದ್ದವು. ಇಳಿತದ ನೀರಿನಲ್ಲಿ ಬೆಳ್ಳಕ್ಕಿಗಳು ನಿಂತಿದ್ದವು. ಬಹಳ ಹೊತ್ತು ನೋಡಿದೆ.

ಈಗ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಹೋದರೆ ಕೈ ತಡೆಯುತ್ತದೆ. ಆ ಬೇರುಗಳು ನೆನಪಾಗುತ್ತವೆ.