ಸ್ಪರ್ಧೆಯೂ ಸ್ಮರಣೆಯೂ

ತೀರಿಹೋದ ಆಪ್ತರನ್ನು ಗೌರವಿಸುವುದಕ್ಕೆ ಮನುಷ್ಯನು ಕಂಡುಕೊಂಡಿರುವ ಮಾರ್ಗಗಳು ಹಲವು. ಒಬ್ಬನು ಕಲ್ಲು ನಿಲ್ಲಿಸುತ್ತಾನೆ. ಒಬ್ಬನು ಕೆರೆ ಕಟ್ಟಿಸುತ್ತಾನೆ. ಇನ್ನೊಬ್ಬನು ವರ್ಷಕ್ಕೊಮ್ಮೆ ನಾಲ್ಕು ಜನರಿಗೆ ಅನ್ನವಿಕ್ಕುತ್ತಾನೆ. ಇವುಗಳಲ್ಲೆಲ್ಲ ಸ್ಮರಣೆಯು ದಾನದ ರೂಪವನ್ನೋ ಮೌನದ ರೂಪವನ್ನೋ ತಾಳಿರುವುದರಿಂದ ಯಾರ ಮನಸ್ಸಿನಲ್ಲಿಯೂ ಸಂದೇಹ ಹುಟ್ಟುವುದಿಲ್ಲ. ಆದರೆ ಮೃತರ ಹೆಸರನ್ನು ಅಂಗಿಯ ಮೇಲೆ ಬರೆಸಿಕೊಂಡು, ಇತರರನ್ನು ಹಿಂದೆ ಹಾಕಬೇಕೆಂಬ ಹುರುಪಿನಿಂದ ನೀರಿಗೆ ಧುಮುಕುವವನನ್ನು ಕಂಡಾಗ ಪ್ರಶ್ನೆಯೊಂದು ಏಳುತ್ತದೆ. ಸ್ಪರ್ಧೆಯೆಂದರೆ ತನ್ನ ಮೇಲ್ಮೆಯನ್ನು ತೋರಿಸಿಕೊಳ್ಳುವ ಕ್ರಿಯೆ. ಸ್ಮರಣೆಯೆಂದರೆ ತನ್ನನ್ನು ಮರೆತು ಇನ್ನೊಬ್ಬರನ್ನು ನೆನೆಯುವ ಕ್ರಿಯೆ. ಇವೆರಡೂ ಒಂದೇ ಮನಸ್ಸಿನಲ್ಲಿ, ಒಂದೇ ಗಳಿಗೆಯಲ್ಲಿ ಕೂಡಿರಬಲ್ಲವೆ?

ಈ ಪ್ರಶ್ನೆಯು ಕೇವಲ ತರ್ಕಕ್ಕಾಗಿ ಹುಟ್ಟಿದುದಲ್ಲ. ಟ್ರಯಥ್ಲಾನ್ ಎಂಬ ಆಧುನಿಕ ಪಂದ್ಯದಲ್ಲಿ ಇದು ಕಣ್ಣೆದುರಿಗೇ ಬರುತ್ತದೆ. ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ ಮುಗಿಸಬೇಕಾದ ಈ ಪಂದ್ಯವು ಇದೇ ಹೆಸರಿನಿಂದ 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ನಡೆಯಿತು. 1978ರಲ್ಲಿ ಹವಾಯಿ ದ್ವೀಪಗಳಲ್ಲಿ ಅದರ ಅತಿ ದೀರ್ಘ ರೂಪವಾದ ‘ಐರನ್‌ಮ್ಯಾನ್’ ಆರಂಭವಾದಾಗ ಹೊರಟವರು 15 ಜನ, ಗುರಿ ಮುಟ್ಟಿದವರು 12 ಜನ. ಬಳಿಕ 1996ರಲ್ಲಿ ಅದೇ ದ್ವೀಪಸಮೂಹದ ಮಾವಿ ದ್ವೀಪದಲ್ಲಿ ಡಾಂಬರು ರಸ್ತೆಯನ್ನು ಬಿಟ್ಟು ಬೆಟ್ಟದ ಮೈಯನ್ನೇ ಆರಿಸಿಕೊಂಡ ಹೊಸ ಪಂದ್ಯವೊಂದು ಹುಟ್ಟಿತು. ಇಂದು ‘ಎಕ್ಸ್‌ಟೆರಾ’ ಎಂದು ಪ್ರಸಿದ್ಧವಾಗಿರುವ ಕಾಡುದಾರಿಯ ಟ್ರಯಥ್ಲಾನ್ ಅದೇ. ಸುಮಾರು 1.5 ಕಿಲೋಮೀಟರು ತೆರೆದ ನೀರಿನ ಈಜು, 30 ಕಿಲೋಮೀಟರಿನಷ್ಟು ಏರಿಳಿತದ ಸೈಕಲ್ ಸವಾರಿ, 10 ಕಿಲೋಮೀಟರಿನಷ್ಟು ಕಾಲುದಾರಿಯ ಓಟ ಇದರ ಸಾಮಾನ್ಯ ಅಳತೆ. 2022ರಲ್ಲಿ ಅದರ ಜಾಗತಿಕ ಸ್ಪರ್ಧೆಯು ಮಾವಿಯನ್ನು ಬಿಟ್ಟು ಇಟಲಿಯ ಬೆಟ್ಟಸೀಮೆಯಾದ ತ್ರೆಂತೀನೋ ಪ್ರಾಂತದ ಮೊಲ್ವೇನೋ ಸರೋವರದ ದಡಕ್ಕೆ ಹೋಯಿತು. ಇಂಥ ಪಂದ್ಯಗಳಲ್ಲಿ ತಂದೆಯನ್ನೋ, ಮಡದಿಯನ್ನೋ, ಮಗುವನ್ನೋ ಕಳೆದುಕೊಂಡವರು ಆ ಹೆಸರನ್ನು ತೋಳಿನ ಮೇಲೆ ಬರೆದುಕೊಂಡು ಓಡುವುದು ಅಪರೂಪವಲ್ಲ.

ಇದನ್ನು ಒಪ್ಪದವರ ವಾದವು ಹಗುರವಾದುದಲ್ಲ. ಅವರ ಮೊದಲನೆಯ ಆಕ್ಷೇಪಣೆ ಇದು: ಓಡುವವನು ಓಟದಲ್ಲಿ ಆಸಕ್ತಿಯಿದ್ದೇ ಓಡುತ್ತಾನೆ, ಆ ಹೆಸರಿಲ್ಲದಿದ್ದರೂ ಓಡುತ್ತಿದ್ದನು. ಸ್ವಂತ ವ್ಯಾಪಾರಕ್ಕಾಗಿ ಕಾಶಿಗೆ ಹೋಗಬೇಕಾಗಿದ್ದವನು ತಾಯಿಯ ಅಸ್ಥಿಯನ್ನೂ ಜೊತೆಗೆ ಕೊಂಡೊಯ್ದು, ಪ್ರಯಾಣವೆಲ್ಲ ತಾಯಿಗಾಗಿಯೇ ಎಂದು ಹೇಳಿಕೊಂಡಂತಾಯಿತಲ್ಲವೆ? ಎರಡನೆಯದು: ಗೆದ್ದರೆ ಕೀರ್ತಿಯು ಬದುಕಿರುವವನದು, ಸೋತರೆ ಆ ಸೋಲು ಯಾರದು? ಮೃತರ ಹೆಸರನ್ನು ಪಣಕ್ಕೊಡ್ಡಿದಂತಾಗಲಿಲ್ಲವೆ? ಮೂರನೆಯದು ಎಲ್ಲಕ್ಕಿಂತ ತೀಕ್ಷ್ಣವಾದುದು: ಈ ಅಭ್ಯಾಸಕ್ಕೆ ದಿನವೂ ಬೇಕಾಗುವ ಹೊತ್ತು, ಇಳಿಜಾರಿನಲ್ಲಿ ಎದುರಾಗುವ ಅಪಾಯ, ಇವುಗಳ ಬೆಲೆಯನ್ನು ತೆರುವವರು ಮನೆಯಲ್ಲಿ ಉಳಿದಿರುವ ಜೀವಂತ ಜನರು. ಇಲ್ಲದವರ ಋಣ ತೀರಿಸಲು ಇರುವವರಿಂದ ಸಾಲ ತೆಗೆಯುವುದು ಯಾವ ನ್ಯಾಯ?

ಮೃತರ ಗೌರವಕ್ಕಾಗಿ ಪಂದ್ಯ ಹೂಡುವುದು ಇಂದಿನವರ ಕಲ್ಪನೆಯಲ್ಲವಾದುದರಿಂದ, ಈ ಆಕ್ಷೇಪಣೆಗಳಿಗೆ ಉತ್ತರ ಹುಡುಕುವವರು ಮೊದಲು ಹಳೆಯದೊಂದು ದೃಷ್ಟಾಂತವನ್ನು ನೋಡುವುದು ಒಳ್ಳೆಯದು. ಗ್ರೀಕರ ಮಹಾಕವಿ ಹೋಮರನ ‘ಇಲಿಯಡ್’ ಕಾವ್ಯದ 23ನೆಯ ಭಾಗವು ಇಂಥ ಪಂದ್ಯಗಳ ವರ್ಣನೆಗೇ ಮೀಸಲಾಗಿರುವಂತಿದೆ. ಪ್ರಾಣಸಖನಾದ ಪೆಟ್ರೋಕ್ಲಸನು ಯುದ್ಧದಲ್ಲಿ ಮಡಿದ ಮೇಲೆ ಅಕಿಲೀಸನು ಅವನಿಗೆ ದಹನಸಂಸ್ಕಾರ ಮಾಡಿಸಿ, ಅವನ ಗೌರವಾರ್ಥವಾಗಿ ರಥದ ಓಟ, ಮುಷ್ಟಿಯುದ್ಧ, ಕುಸ್ತಿ, ಓಟ ಮೊದಲಾದ ಪಂದ್ಯಗಳನ್ನು ಏರ್ಪಡಿಸುತ್ತಾನೆ. ಅಲ್ಲಿ ನಡೆಯುವ ಮೂರು ಸಂಗತಿಗಳು ಪ್ರಕೃತ ವಿಷಯಕ್ಕೆ ಬಹಳ ಹತ್ತಿರವಾದವು.

ಮೊದಲನೆಯದಾಗಿ, ಎಲ್ಲರಿಗಿಂತ ಹೆಚ್ಚು ದುಃಖಿತನಾದ ಅಕಿಲೀಸನು ತಾನೇ ಸ್ಪರ್ಧಿಸುವುದಿಲ್ಲ. ಅವನ ಕುದುರೆಗಳು ಎಲ್ಲಕ್ಕಿಂತ ಮೇಲಾದವು. ಆದರೆ ಅವುಗಳ ಕೇಸರವನ್ನು ತೊಳೆದು ಎಣ್ಣೆ ಹಚ್ಚುತ್ತಿದ್ದ ಸಾರಥಿಯು ಈಗಿಲ್ಲ. ಅವು ತಲೆ ತಗ್ಗಿಸಿ ನಿಂತಿವೆ. ಆದುದರಿಂದ ಅಕಿಲೀಸನು ಬಹುಮಾನಗಳನ್ನು ಹಂಚುವವನಾಗಿ ಮಾತ್ರ ಉಳಿಯುತ್ತಾನೆ. ಎರಡನೆಯದಾಗಿ, ರಥದ ಓಟದಲ್ಲಿ ಆಂಟಿಲೋಕಸನೆಂಬ ತರುಣನು ದಾರಿ ಇಕ್ಕಟ್ಟಾದೆಡೆಯಲ್ಲಿ ಅಡ್ಡನುಗ್ಗಿ ಮೆನಲೇಯಸನನ್ನು ಹಿಂದೆ ಹಾಕುತ್ತಾನೆ. ಪಂದ್ಯ ಮುಗಿದ ಮೇಲೆ ಮೆನಲೇಯಸನು, ಕಪಟ ಮಾಡಲಿಲ್ಲವೆಂದು ಕುದುರೆಗಳ ಮುಂದೆ ನಿಂತು ದೇವರಾಣೆ ಮಾಡು ಎಂದು ಕೇಳಲು, ಆ ತರುಣನು ಆಣೆ ಮಾಡಲಾರದೆ ತಾನು ಪಡೆದ ಕುದುರೆಯನ್ನು ಬಿಟ್ಟುಕೊಡುತ್ತಾನೆ. ಅವನ ನಮ್ರತೆಯನ್ನು ಕಂಡು ಮೆನಲೇಯಸನು ಅದನ್ನು ಅವನಿಗೇ ಹಿಂದಿರುಗಿಸುತ್ತಾನೆ. ಮೂರನೆಯದಾಗಿ, ಅಯಾಸನೂ ಡಯೊಮೀಡೀಸನೂ ಆಯುಧ ಹಿಡಿದು ಸೆಣಸುವಾಗ ಅಯಾಸನ ಪ್ರಾಣಕ್ಕೆ ಎಲ್ಲಿ ಕುತ್ತು ಬರುವುದೋ ಎಂದು ಹೆದರಿದ ಪ್ರೇಕ್ಷಕರು ಸ್ಪರ್ಧೆಯನ್ನು ನಿಲ್ಲಿಸಬೇಕೆಂದು ಕೂಗುತ್ತಾರೆ. ಅದು ಅಲ್ಲಿಗೆ ನಿಲ್ಲುತ್ತದೆ.

ಈ ಮೂರು ಸಂಗತಿಗಳಿಂದ ಮೂರು ತತ್ತ್ವಗಳು ಹೊರಡುತ್ತವೆ. ಸ್ಪರ್ಧಿಸುವುದು ದುಃಖಿತನ ಕರ್ತವ್ಯವಲ್ಲ; ಸ್ಪರ್ಧಿಸದೆ ದೂರ ನಿಂತವನ ಪ್ರೀತಿಯು ಕಡಮೆಯದೆಂದು ಯಾರೂ ಹೇಳಲಾಗದು. ಆದರೆ ಮೃತರ ಹೆಸರಿನಲ್ಲಿ ಕಣಕ್ಕೆ ಇಳಿದ ಮೇಲೆ ಕಪಟದ ಗೆಲುವು ಕೈಯಲ್ಲಿ ನಿಲ್ಲಬಾರದು. ಮತ್ತು ಒಂದು ಸಾವಿನ ಗೌರವಕ್ಕಾಗಿ ಇನ್ನೊಂದು ಸಾವನ್ನು ತಂದುಕೊಳ್ಳಬಾರದು.

ಹೀಗಿರುವಲ್ಲಿ, ಸ್ಪರ್ಧಿಯು ಮೃತರಿಗೆ ಅರ್ಪಿಸುವುದಾದರೂ ಏನನ್ನು? ಶ್ರಾದ್ಧವೆಂಬ ಮಾತು ಶ್ರದ್ಧೆಯೆಂಬ ಮಾತಿನಿಂದ ಬಂದುದು. ಅಲ್ಲಿ ಇಡುವ ಪಿಂಡದ ಬೆಲೆಯನ್ನು ಅಕ್ಕಿಯ ತೂಕದಿಂದ ಯಾರೂ ಅಳೆಯುವುದಿಲ್ಲ. ಇಡುವವನ ಮನಸ್ಸನ್ನು ನೋಡುತ್ತಾರೆ. ದಾನದ ವಿಷಯದಲ್ಲಿ ಇನ್ನೊಂದು ನಿಯಮವೂ ಸರ್ವರಿಗೂ ತಿಳಿದುದೇ: ತನ್ನದಲ್ಲದುದನ್ನು ದಾನ ಮಾಡಲು ಯಾರಿಗೂ ಅಧಿಕಾರವಿಲ್ಲ. ಇನ್ನು ಗೆಲುವು ಸ್ಪರ್ಧಿಯ ಸ್ವತ್ತೆ? ಕಾಡುದಾರಿಯ ಪಂದ್ಯವನ್ನು ಬಲ್ಲವರು ಹಾಗೆನ್ನಲಾರರು. ಹಿಂದಿನ ರಾತ್ರಿ ಮಳೆ ಬಿದ್ದರೆ ಇಳಿಜಾರೆಲ್ಲ ಕೆಸರು. ಮರದ ಬೇರೊಂದು ಚಕ್ರಕ್ಕೆ ಅಡ್ಡ ಬಂದರೆ ಸವಾರನು ನೆಲಕ್ಕೆ. ಮುಳ್ಳೊಂದು ಟೈರಿಗೆ ಚುಚ್ಚಿದರೆ ವರ್ಷದ ಅಭ್ಯಾಸವೆಲ್ಲ ದಾರಿಯ ಪಕ್ಕದಲ್ಲಿ ಕುಳಿತು ಗಾಳಿ ಹಾಕುವುದರಲ್ಲಿ ಮುಗಿಯುತ್ತದೆ. ಅಲೆ ಹೇಗಿರುವುದೋ, ಬಿಸಿಲು ಎಷ್ಟಿರುವುದೋ, ಪಕ್ಕದವನ ಕಾಲಿನ ಶಕ್ತಿ ಎಂಥದೋ, ಇವು ಯಾವುವೂ ಅವನ ಅಧೀನದಲ್ಲಿಲ್ಲ.

ಅವನ ಅಧೀನದಲ್ಲಿರುವುವು ಬೇರೆ. ಚಳಿಯ ಬೆಳಗಿನಲ್ಲಿ ಎದ್ದು ಅಭ್ಯಾಸಕ್ಕೆ ಹೋಗುವುದು ಅವನದು. ಯಾರೂ ನೋಡದ ತಿರುವಿನಲ್ಲಿ ಗುರುತು ಹಾಕಿದ ದಾರಿಯನ್ನು ಬಿಟ್ಟು ಅಡ್ಡದಾರಿ ಹಿಡಿಯದಿರುವುದು ಅವನದು. ಮುಂದೆ ಬಿದ್ದಿರುವವನನ್ನು ಕಂಡು ನಿಂತು ವಿಚಾರಿಸುವುದು, ಹಿಂದಿನಿಂದ ವೇಗವಾಗಿ ಬಂದವನಿಗೆ ದಾರಿ ಬಿಡುವುದು ಅವನದು. ಅವನು ನಿಜವಾಗಿ ಅರ್ಪಿಸಬಲ್ಲದ್ದು ಈ ನಡತೆಯೊಂದನ್ನೇ. ಸ್ಥಾನವು ಎಷ್ಟನೆಯದಾದರೂ ಆಗಲಿ, ಈ ಅರ್ಪಣೆಗೆ ಭಂಗವಿಲ್ಲ. ಆದುದರಿಂದ ಸೋತರೆ ಮೃತರ ಹೆಸರಿಗೆ ಕುಂದು ಎಂಬ ಎರಡನೆಯ ಆಕ್ಷೇಪಣೆಯು ನಿಲ್ಲುವುದಿಲ್ಲ. ಕುಂದು ಬರುವುದು ಸೋಲಿನಿಂದಲ್ಲ, ಆ ಹೆಸರನ್ನು ಹೊತ್ತು ಮಾಡಿದ ನೀಚ ಕಾರ್ಯದಿಂದ.

ಈ ಮಾತಿಗೆ ಬೇರೊಂದು ಕ್ರೀಡೆಯಿಂದ ಪ್ರಸಿದ್ಧವಾದ ಉದಾಹರಣೆ ಉಂಟು. ಜರ್ಮನಿಯ ಭಾರ ಎತ್ತುವ ಪಟು ಮಥಿಯಾಸ್ ಸ್ಟೈನರನ ಪತ್ನಿ ಸುಸಾನಳು 2007ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡಳು. ಮರುವರ್ಷ ಪೀಕಿಂಗ್ ಒಲಿಂಪಿಕ್ಸಿನಲ್ಲಿ ಅವನು ಕೊನೆಯ ಯತ್ನದಲ್ಲಿ 258 ಕಿಲೋ ಭಾರವನ್ನೆತ್ತಿ, ಒಟ್ಟು ಲೆಕ್ಕದಲ್ಲಿ ಒಂದೇ ಕಿಲೋ ಅಂತರದಿಂದ ಗೆದ್ದು, ಪದಕದ ವೇದಿಕೆಯ ಮೇಲೆ ಅವಳ ಭಾವಚಿತ್ರವನ್ನು ಹಿಡಿದು ನಿಂತನು. ಜಗತ್ತು ನೆನೆಯುವುದು ಇದನ್ನು. ಆದರೆ ಅದೇ ಸ್ಟೈನರನು 2012ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ 196 ಕಿಲೋ ಎತ್ತಲು ಹೋಗಿ, ಕಂಬಿಯು ಕತ್ತಿನ ಮೇಲೆ ಬಿದ್ದು, ಸ್ಪರ್ಧೆಯಿಂದ ಹಿಂದೆ ಸರಿಯಬೇಕಾಯಿತು. 2008ರಲ್ಲಿ ಸುಸಾನಳಿಗೆ ಸಂದ ಗೌರವವು 2012ರಲ್ಲಿ ಹಿಂದಕ್ಕೆ ಹೋಯಿತೆಂದು ಹೇಳುವ ಅವಿವೇಕಿ ಯಾರಿದ್ದಾನೆ? ಹಿಂದಕ್ಕೆ ಹೋಗಲಿಲ್ಲವೆಂದಾದರೆ, ಅದು ಆ ಒಂದು ಕಿಲೋ ಅಂತರದಿಂದ ಬಂದುದೂ ಅಲ್ಲ.

ಇನ್ನು ಮೊದಲನೆಯ ಆಕ್ಷೇಪಣೆ. ತನಗೆ ಪ್ರಿಯವಾದುದನ್ನೇ ಮಾಡಿ ಅದಕ್ಕೆ ಇನ್ನೊಬ್ಬರ ಹೆಸರನ್ನು ಇಡುವುದು ಆತ್ಮವಂಚನೆಯಾಗಬಹುದು, ಆಗಲೇಬೇಕೆಂದಿಲ್ಲ. ತಿಥಿಯ ದಿನ ತೀರಿಹೋದವರಿಗೆ ಪ್ರಿಯವಾಗಿದ್ದ ಭಕ್ಷ್ಯವನ್ನು ಮಾಡುವುದು ಎಷ್ಟೋ ಮನೆಗಳಲ್ಲಿ ವಾಡಿಕೆ. ಅದು ಮಾಡುವವರಿಗೂ ಪ್ರಿಯವಾಗಿದ್ದರೆ ದೋಷವೇನು? ಈಜು ಕಲಿಸಿದವನು ತಂದೆಯೇ ಆಗಿದ್ದರೆ, ಮಗನು ಈಜುವ ಪ್ರತಿಯೊಂದು ತೋಳಿನ ಬೀಸಿನಲ್ಲಿಯೂ ತಂದೆಯ ಪಾಲು ಇದೆ. ಅದನ್ನು ಹೇಳಿಕೊಳ್ಳುವುದು ಲೆಕ್ಕವನ್ನು ಸರಿಯಾಗಿ ಒಪ್ಪಿಸಿದಂತೆ. ಅದಕ್ಕೆ ಬದಲಾಗಿ, ಮಗನ ಈ ಹುಚ್ಚಿನಿಂದ ಜೀವಮಾನವೆಲ್ಲ ನೊಂದ ತಾಯಿಯ ಹೆಸರನ್ನು ಅವಳು ಸತ್ತ ಮೇಲೆ ಅಂಗಿಗೆ ಹಾಕಿಕೊಂಡರೆ ಅದು ಕೇಳದೆ ತೆಗೆದುಕೊಂಡ ಒಡವೆಯಂತೆ. ಮೃತರು ಬೇಡವೆನ್ನಲಾರರಾದುದರಿಂದಲೇ ಅವರ ಹೆಸರನ್ನು ಬಳಸುವವನಿಗೆ ಹೆಚ್ಚಿನ ಸಂಕೋಚವಿರಬೇಕು.

ಸ್ಪರ್ಧೆಯು ಕೇವಲ ಪ್ರದರ್ಶನವಾಗದೆ ಸಾಹಚರ್ಯವಾಗಬಲ್ಲದೆಂಬುದಕ್ಕೆ ಅಮೆರಿಕದ ಡಿಕ್ ಹಾಯ್ಟ್ ಮತ್ತು ಅವನ ಮಗ ರಿಕ್ ಸಾಕ್ಷಿಗಳು. 1962ರಲ್ಲಿ ಹುಟ್ಟಿದ ರಿಕ್ ಕೈಕಾಲುಗಳ ಸ್ವಾಧೀನವಿಲ್ಲದವನು, ಬಾಯಿಂದ ಮಾತನಾಡಲಾರದವನು. 1977ರಲ್ಲಿ ತಂದೆಯು ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳುತ್ತ ಐದು ಮೈಲಿ ಓಡಿದನು. ಓಡುವಾಗ ತನ್ನ ಅಂಗವಿಕಲತೆಯು ಮರೆಯಾದಂತೆ ತೋರಿತೆಂದು ಮಗನು ತಿಳಿಸಿದ ಮೇಲೆ ಆ ಓಟವು ದಶಕಗಳ ಕಾಲ ನಿಲ್ಲಲಿಲ್ಲ. ಟ್ರಯಥ್ಲಾನಿನಲ್ಲಿ ತಂದೆಯು ಮಗನನ್ನು ಚಿಕ್ಕ ದೋಣಿಯಲ್ಲಿ ಮಲಗಿಸಿ ಹಗ್ಗದಿಂದ ಎಳೆಯುತ್ತ ಈಜಿದನು. ಸೈಕಲ್ಲಿನ ಮುಂದೆ ಪೀಠ ಕಟ್ಟಿ ಕೂರಿಸಿಕೊಂಡನು. ಬಳಿಕ ಕುರ್ಚಿಯನ್ನು ತಳ್ಳಿಕೊಂಡು ಓಡಿದನು. ತಂದೆಯು 2021ರಲ್ಲಿ, ಮಗನು 2023ರಲ್ಲಿ ತೀರಿಕೊಂಡರು. ಅಲ್ಲಿ ಮಗನು ಹೊರೆಯಾಗಿರಲಿಲ್ಲ. ಓಟಕ್ಕೆ ಕಾರಣನೂ ಸಹಭಾಗಿಯೂ ಆಗಿದ್ದನು. ಮೃತರ ಹೆಸರನ್ನು ಹೊತ್ತು ಓಡುವವನು ಬಯಸುವುದೂ ಬಹುಮಟ್ಟಿಗೆ ಇದನ್ನೇ: ಇನ್ನು ಜೊತೆಗೆ ಬರಲಾರದವರನ್ನು ಸ್ವಲ್ಪ ದೂರ ಜೊತೆಗೆ ಕರೆದೊಯ್ಯುವುದು.

ಇನ್ನೊಂದು ಚಿಕ್ಕ ಆಚಾರವನ್ನೂ ಇಲ್ಲಿ ಗಮನಿಸಬಹುದು. ಅಮೆರಿಕದ ಜಾನ್ ಬ್ಲೇಸನಿಗೆ 2005ರಲ್ಲಿ ನರಮಂಡಲವನ್ನು ಕ್ರಮೇಣ ಕುಗ್ಗಿಸುವ ‘ಎ.ಎಲ್.ಎಸ್.’ ಎಂಬ ರೋಗವು ಪತ್ತೆಯಾಯಿತು. ಅದೇ ವರ್ಷ ಅವನು ಹವಾಯಿಯ ಐರನ್‌ಮ್ಯಾನ್ ಪಂದ್ಯವನ್ನು ಪೂರೈಸಿ, ಗುರಿಯ ಗೆರೆಯನ್ನು ಮಗ್ಗುಲಾಗಿ ಉರುಳುತ್ತ ದಾಟಿದನು. 2007ರಲ್ಲಿ ಅವನು ತೀರಿಕೊಂಡ ಮೇಲೆ ಅವನ ನೆನಪಿಗಾಗಿ ಹಲವು ಸ್ಪರ್ಧಿಗಳು ಹಾಗೆಯೇ ಉರುಳಿ ಗೆರೆ ದಾಟಿದರು. ಗಡಿಯಾರದ ಲೆಕ್ಕದಲ್ಲಿ ಇದು ನಷ್ಟ. ಉರುಳುವವನು ಕೆಲವು ಕ್ಷಣಗಳನ್ನು ಕಳೆದುಕೊಳ್ಳುತ್ತಾನೆ. ಕ್ಷಣಗಳಿಗಾಗಿಯೇ ತಿಂಗಳುಗಟ್ಟಲೆ ಶ್ರಮಿಸಿದವನು ಅವನ್ನು ತಾನಾಗಿ ಬಿಟ್ಟುಕೊಡುತ್ತಾನೆ. ಸ್ಪರ್ಧೆಯೂ ಸ್ಮರಣೆಯೂ ಒಂದೇ ಗಳಿಗೆಯಲ್ಲಿ ಕೂಡಿರಬಲ್ಲವೆ ಎಂದು ಕೇಳಿದವರಿಗೆ ಇದೊಂದು ಸ್ಪಷ್ಟವಾದ ಉತ್ತರ.

ಮೂರನೆಯ ಆಕ್ಷೇಪಣೆಯು ಮಾತ್ರ ಹೀಗೆ ಪೂರ್ತಿಯಾಗಿ ಕರಗುವುದಿಲ್ಲ; ಕರಗಲೂಬಾರದು. ಹೆಸರು ಬೆಂಬಲವಾಗುವಂತೆಯೇ ಚಾವಟಿಯೂ ಆಗಬಲ್ಲದು. ‘ಅವಳಿಗಾಗಿ ಮುಗಿಸಲೇಬೇಕು’ ಎಂದುಕೊಂಡವನು ತಣ್ಣೀರಿನಲ್ಲಿ ಮೈ ಮರಗಟ್ಟಿದರೂ ಮುಂದೆ ಹೋಗುತ್ತಾನೆ. ಕಣ್ಣು ಕತ್ತಲೆಗೂಡಿದರೂ ಬಂಡೆಯ ಇಳಿಜಾರಿಗೆ ಸೈಕಲ್ಲನ್ನು ಬಿಡುತ್ತಾನೆ. ಮಾತು ಕೊಟ್ಟಿರುವೆನೆಂಬುದು ಅವನ ಸಮರ್ಥನೆ. ಆದರೆ ಆ ಮಾತನ್ನು ಕೇಳಿಸಿಕೊಂಡವಳು ಯಾರು? ಅವನಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದವಳು; ಮನೆಗೆ ತಡವಾಗಿ ಬಂದರೆ ಬಾಗಿಲಲ್ಲಿ ನಿಲ್ಲುತ್ತಿದ್ದವಳು. ಅವಳು ಪ್ರೀತಿಸಿದ ದೇಹವನ್ನು ಅವಳ ಹೆಸರಿನಲ್ಲಿಯೇ ಮುರಿದುಕೊಳ್ಳುವುದು ಗೌರವವಾಗಲಾರದು. ಅವಳಿದ್ದಿದ್ದರೆ ಅಯಾಸನಿಗಾಗಿ ಹೆದರಿದ ಪ್ರೇಕ್ಷಕರಂತೆ ಮೊದಲು ಕೂಗಿ ನಿಲ್ಲಿಸುತ್ತಿದ್ದವಳು ಅವಳೇ. ಆದುದರಿಂದ ಅರ್ಧದಾರಿಯಲ್ಲಿ ಸೈಕಲ್ಲಿನಿಂದಿಳಿದು ಹಿಂದಿರುಗುವವನು ಕೆಲವು ವೇಳೆ ಗುರಿ ಮುಟ್ಟಿದವನಿಗಿಂತ ಹೆಚ್ಚಾಗಿ ಅವಳ ಮಾತನ್ನು ನಡೆಸಿದವನಾಗುತ್ತಾನೆ. ಮನೆಯಲ್ಲಿ ಉಳಿದಿರುವ ಮಕ್ಕಳಿಗೆ ಸಲ್ಲಬೇಕಾದ ಹೊತ್ತನ್ನು ಅಭ್ಯಾಸವು ನುಂಗುತ್ತಿದ್ದರೆ, ಅವಳು ಬಿಟ್ಟುಹೋದ ಕೆಲಸಗಳಲ್ಲಿ ಯಾವುದು ಮೊದಲನೆಯದೆಂಬುದನ್ನು ಅವನೇ ಯೋಚಿಸಬೇಕು.

ಇಷ್ಟರಿಂದ ಸ್ಪರ್ಧಿಯು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಎರಡು ಪ್ರಶ್ನೆಗಳು ಸಾಕೆಂದು ತೋರುತ್ತದೆ. ಆ ಹೆಸರು ಯಾರ ಕಣ್ಣಿಗೂ ಬೀಳದಂತೆ ಅಂಗಿಯ ಒಳಮಗ್ಗುಲಿನಲ್ಲಿದ್ದರೂ ತಾನು ಇದೇ ರೀತಿಯಾಗಿ ಓಡುತ್ತಿದ್ದೆನೆ? ಆ ಹೆಸರಿನವರು ದಾರಿಯ ತಿರುವಿನಲ್ಲಿ ನಿಂತು ನೋಡುತ್ತಿದ್ದರೆ ತಾನು ಈಗ ಮಾಡುತ್ತಿರುವುದನ್ನು ಕಂಡು ಸಂತೋಷಪಡುತ್ತಿದ್ದರೆ? ಎರಡಕ್ಕೂ ಹೌದೆಂದು ಹೇಳಬಲ್ಲವನು ಕೆಸರಿನಲ್ಲಿ ಎಷ್ಟು ಸಲ ಬಿದ್ದರೂ, ಎಲ್ಲರೂ ಮನೆಗೆ ಹೋದ ಮೇಲೆ ಗುರಿಯ ಗೆರೆಯನ್ನು ಮುಟ್ಟಿದರೂ, ತನ್ನ ತಿಥಿಯನ್ನು ಲೋಪವಿಲ್ಲದೆ ಮಾಡಿ ಮುಗಿಸಿದವನೇ ಸರಿ.